ಹಳೆಯ ಸೀರೆ, ಹೊಸ ಮನೆ: ಕೌದಿ ಉಳಿಯುವ ದಾರಿ ಯಾವುದು?

ಹೊಸ ಮನೆ ಕೊಳ್ಳುವವರು ಹಾಕುವ ಲೆಕ್ಕ ಒಂದೆರಡಲ್ಲ. ಚದರಡಿಯ ದರ, ಬ್ಯಾಂಕ್ ಸಾಲದ ಕಂತು, ಖಾತೆ, ನೋಂದಣಿ ಖರ್ಚು, ವಾಸ್ತು, ಬೋರ್‌ವೆಲ್ ನೀರು, ಕಾರು ನಿಲ್ಲಿಸುವ ಜಾಗ ಎಲ್ಲವನ್ನೂ ವಿಚಾರಿಸುತ್ತಾರೆ. ಹಾಸಿಗೆ ಹೊದಿಕೆಯ ಗಂಟು ಎಲ್ಲಿಡುವುದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಗೃಹಪ್ರವೇಶದ ಗದ್ದಲ ಮುಗಿದು ಊರಿನಿಂದ ಸಾಮಾನು ಬಂದಿಳಿದಾಗ ಆ ಪ್ರಶ್ನೆ ಏಳುತ್ತದೆ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯವರಾದರೆ ಆ ಗಂಟಿನೊಳಗೆ ಒಂದೆರಡು ಕೌದಿ ಇದ್ದೇ ಇರುತ್ತವೆ. ಅತ್ತೆ ‘ಜೋಪಾನವಾಗಿ ಎತ್ತಿಡು’ ಎನ್ನುತ್ತಾರೆ, ಸೊಸೆ ‘ಎಲ್ಲಿಡಲಿ ಹೇಳಿ’ ಎನ್ನುತ್ತಾಳೆ. ಇಬ್ಬರ ಮಾತೂ ನ್ಯಾಯವೇ.

ವಿಚಿತ್ರವೆಂದರೆ, ಮನೆಯಲ್ಲಿ ಜಾಗ ಸಿಗದ ಇದೇ ಕೌದಿ ನಗರದ ಕರಕುಶಲ ಅಂಗಡಿಗಳಲ್ಲಿ ಬೆಲೆಯ ಚೀಟಿ ಕಟ್ಟಿಸಿಕೊಂಡು ಕೂತಿದೆ. ವಸ್ತುಸಂಗ್ರಹಾಲಯಗಳು ಅದನ್ನು ಗೋಡೆಗೆ ತೂಗುಹಾಕುತ್ತಿವೆ. ವಿನ್ಯಾಸ ಕಾಲೇಜಿನ ವಿದ್ಯಾರ್ಥಿಗಳು ಅದರ ಮೇಲೆ ಪ್ರಬಂಧ ಬರೆಯುತ್ತಿದ್ದಾರೆ. ಕೌದಿಯ ಬಗ್ಗೆ ಇಷ್ಟು ಮಾತು ಹಿಂದೆಂದೂ ನಡೆದಿರಲಿಲ್ಲ. ಮನೆಮನೆಗಳಲ್ಲಿ ಕೌದಿ ಹೊಲಿಯುವುದು ಇಷ್ಟು ಕಡಿಮೆಯಾದದ್ದೂ ಹಿಂದೆಂದೂ ಇಲ್ಲ. ಇವೆರಡೂ ಒಟ್ಟಿಗೆ ಹೇಗೆ ನಡೆಯುತ್ತಿವೆ, ಕೌದಿ ಮುಂದೆ ಯಾರ ಕೈಯಲ್ಲಿ ಉಳಿಯಬಹುದು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಕೌದಿ ಆಗುವ ಬಗೆ

ಉಟ್ಟು ಸವೆದ ಸೀರೆ, ಧೋತರ, ಕುಪ್ಪಸದ ಖಣ, ಮಕ್ಕಳ ಅಂಗಿ, ಇವುಗಳಲ್ಲಿ ಗಟ್ಟಿ ಉಳಿದ ಭಾಗವನ್ನು ಹರಿದು ತೆಗೆದು, ಪದರದ ಮೇಲೆ ಪದರ ಹಾಸಿ, ಉದ್ದಕ್ಕೂ ಒತ್ತೊತ್ತಾಗಿ ಓಡುಹೊಲಿಗೆ ಹಾಕಿ ಬಿಗಿದರೆ ಕೌದಿ. ಕೆಳಗೆ ಅಸ್ತರಕ್ಕೆ ಒಂದು ಇಡೀ ಸೀರೆ, ಹತ್ತಿಯ ಇಳಕಲ್ ಸೀರೆಯಾದರೆ ಇನ್ನೂ ಒಳ್ಳೆಯದು. ನಡುವೆ ಬಣ್ಣಗೆಟ್ಟ, ತೀರಾ ಮೆತ್ತಗಾದ ಬಟ್ಟೆಗಳು. ಮೇಲ್ಗಡೆ ಬಣ್ಣದ ತುಣುಕುಗಳು: ಚೌಕ, ತ್ರಿಕೋನ, ಪಟ್ಟಿ, ಸುತ್ತ ಅಂಚು. ನೆಲದ ಮೇಲೆ ಹಾಸಿಕೊಂಡು, ದೊಡ್ಡ ಸೂಜಿ ಮತ್ತು ದಪ್ಪ ದಾರ ಹಿಡಿದು, ಹೊಲಿದಷ್ಟು ಭಾಗವನ್ನು ಮಡಿಲಿಗೆ ಎಳೆದುಕೊಳ್ಳುತ್ತ ಮುಂದೆ ಸಾಗುವುದೇ ಕ್ರಮ. ಚೌಕಟ್ಟಿಲ್ಲ, ಗುರುತು ಹಾಕುವ ಸೀಮೆಸುಣ್ಣವೂ ಹೆಚ್ಚಿನವರಿಗೆ ಬೇಡ. ಅಳತೆಗೆ ಮೊಳ, ಗೇಣು ಸಾಕು.

ಹಳೆಯ ಬಟ್ಟೆಯೇ ಏಕೆ ಎಂಬುದಕ್ಕೆ ಬಡತನವೊಂದೇ ಉತ್ತರವಲ್ಲ. ವರ್ಷಗಟ್ಟಲೆ ಒಗೆದ ಹತ್ತಿ ಬಟ್ಟೆಯ ಗಂಜಿ ಪೂರ್ತಿ ಹೋಗಿರುತ್ತದೆ, ಕುಗ್ಗಬೇಕಾದಷ್ಟು ಕುಗ್ಗಿರುತ್ತದೆ, ಬಿಡಬೇಕಾದ ಬಣ್ಣ ಬಿಟ್ಟಿರುತ್ತದೆ. ಹಾಗಾಗಿ ಐದಾರು ಬಗೆಯ ಬಟ್ಟೆಗಳನ್ನು ಒಟ್ಟಿಗೆ ಹೊಲಿದರೂ ಮೊದಲ ಒಗೆತಕ್ಕೆ ಒಂದು ಕಡೆ ಸೆಳೆದು ಇನ್ನೊಂದು ಕಡೆ ಜೋಲುವುದಿಲ್ಲ. ಹೊಸ ಬಟ್ಟೆಗೆ ಈ ಗುಣವಿಲ್ಲ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಚಳಿಯನ್ನು ತಡೆಯುತ್ತದೆ, ಹತ್ತಿ ಬೆವರನ್ನು ಹೀರುತ್ತದೆ. ಆದ್ದರಿಂದಲೇ ಬಯಲುಸೀಮೆಯ ಮನೆಗಳಲ್ಲಿ ಕೌದಿ ಚಳಿಗಾಲಕ್ಕೆ ಹೊದಿಕೆ, ಬೇಸಿಗೆಗೆ ಹಾಸಿಗೆ. ಕಂಬಳಿ ಚುಚ್ಚುತ್ತದೆ ಎನ್ನುವವರು ಕಂಬಳಿಯ ಕೆಳಗೆ ಕೌದಿ ಹೊದ್ದರು.

ದುರಸ್ತಿಯ ದೃಷ್ಟಿಯಿಂದಲೂ ಈ ರಚನೆ ಜಾಣತನದ್ದು. ಹರಿದ ಕಡೆ ತ್ಯಾಪೆ ಹಚ್ಚಿದರೆ ಮುಗಿಯಿತು. ಮೇಲ್ಪದರ ಪೂರ್ತಿ ಸವೆದರೆ ಅದರ ಮೇಲೆಯೇ ಇನ್ನೊಂದು ಸೀರೆ ಹೊದಿಸಿ ಮತ್ತೆ ಹೊಲಿಯುತ್ತಾರೆ. ಹಳೆಯ ಕೌದಿ ಹೊಸ ಕೌದಿಯ ಹೊಟ್ಟೆಗೆ ಸೇರುತ್ತದೆ. ಒಂದೇ ಕೌದಿಯೊಳಗೆ ಎರಡು ಮೂರು ತಲೆಮಾರಿನ ಬಟ್ಟೆ ಇರುವುದು ಹೀಗೆ.

ಇದಕ್ಕೊಂದು ಕಾಲವೂ ಇತ್ತು. ಸುಗ್ಗಿ ಮುಗಿದು, ಹೊಲದ ಕೆಲಸ ಕಡಿಮೆಯಾಗಿ, ಮಳೆಗಾಲ ಇನ್ನೂ ದೂರವಿರುವ ಬಿಸಿಲಿನ ತಿಂಗಳುಗಳಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯಲ್ಲೋ ಕಟ್ಟೆಯ ಮೇಲೋ ಓಣಿಯ ಹೆಂಗಸರು ಸೇರುತ್ತಿದ್ದರು. ಒಬ್ಬರ ಮನೆಯ ಕೌದಿಗೆ ನಾಲ್ವರ ಸೂಜಿ. ನಾಳೆ ಇನ್ನೊಬ್ಬರ ಮನೆಯದು. ಮಹಾನವಮಿಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಹಳ್ಳಕ್ಕೋ ಹೊಳೆಗೋ ಒಯ್ದು ಒಗೆದು ಬಂಡೆಯ ಮೇಲೆ ಹರವುವುದು ವರ್ಷದ ದೊಡ್ಡ ಕೆಲಸ. ಹೆರಿಗೆಗೆ ತವರಿಗೆ ಬಂದ ಮಗಳು ಕೂಸಿನೊಂದಿಗೆ ಹಿಂದಿರುಗುವಾಗ ಕುಂಚಿಗೆಯ ಜೊತೆಗೆ ತೊಟ್ಟಿಲ ಕೌದಿಯೂ ಹೋಗಬೇಕು. ಮನೆಯಲ್ಲಿ ಹೊಲಿಯುವವರಿಲ್ಲದಿದ್ದರೆ, ಊರೂರು ತಿರುಗಿ ‘ಕೌದಿ ಹೊಲಸೋರು ಅದೀರೇನ್ರವ್ವಾ’ ಎಂದು ಕೇಳುತ್ತ ಬರುವ ಹೆಣ್ಣುಮಕ್ಕಳಿಗೆ ಬಟ್ಟೆ ಕೊಟ್ಟು ಹೊಲಿಸಿಕೊಳ್ಳುತ್ತಿದ್ದರು. ಕೂಲಿ ಹಣದಲ್ಲಿರಬಹುದು, ಜೋಳದಲ್ಲಿರಬಹುದು. ಈ ಹೊಲಿಸುವ ಪದ್ಧತಿಯನ್ನು ನೆನಪಿಡಬೇಕು. ಕೊನೆಯಲ್ಲಿ ಇದು ಮತ್ತೆ ಬೇಕಾಗುತ್ತದೆ.

ಕವಂದಿ, ಗೋಧಡಿ, ಕಾಂಥಾ

ಹಳೆಯ ಬಟ್ಟೆಗೆ ಪದರ ಕಟ್ಟಿ ಹೊಲಿಯುವುದು ಉತ್ತರ ಕರ್ನಾಟಕದ ಸ್ವತ್ತೇನೂ ಅಲ್ಲ. ಮಹಾರಾಷ್ಟ್ರದಲ್ಲಿ ಗೋಧಡಿ, ರಾಜಸ್ಥಾನದಲ್ಲಿ ಗುದಡಿ, ಸಿಂಧ್ ಮತ್ತು ಅದರ ನೆರೆಯ ಮರುಭೂಮಿಯಲ್ಲಿ ರಲ್ಲಿ, ಬಿಹಾರದಲ್ಲಿ ಸುಜನಿ, ಬಂಗಾಳದ ಎರಡೂ ಬದಿಗಳಲ್ಲಿ ಕಾಂಥಾ. ಇದರ ಹಿಂದಿನ ಭಾವನೆಯೂ ಹಳೆಯದು: ಬೌದ್ಧ ಭಿಕ್ಷುಗಳ ಚೀವರವನ್ನು ತುಣುಕುಗಳನ್ನು ಜೋಡಿಸಿಯೇ ಹೊಲಿಯಬೇಕು, ಅದರ ವಿನ್ಯಾಸ ಮಗಧದ ಗದ್ದೆಗಳ ಬದುಗಳ ಹಾಗಿರಬೇಕು ಎಂದು ವಿನಯ ಪಿಟಕದ ಕಥೆ ಹೇಳುತ್ತದೆ.

ಕರ್ನಾಟಕದೊಳಗೇ ಹೊರಜಗತ್ತಿನ ಗಮನ ಹೆಚ್ಚು ಸೆಳೆದದ್ದು ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದಿ. ಹದಿನಾರನೆಯ ಶತಮಾನದಿಂದ ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡೋ ಬಿಡುಗಡೆ ಪಡೆದೋ ಘಟ್ಟದ ಕಾಡು ಸೇರಿದರು. ಅವರ ಸಂತತಿ ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಅವರಲ್ಲಿದ್ದಾರೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು.

ಕವಂದಿಯ ಹೊಲಿಗೆ ಹೊರ ಅಂಚಿನ ಒಂದು ಮೂಲೆಯಿಂದ ಆರಂಭವಾಗಿ, ಸುತ್ತು ಹಾಕುತ್ತ ಹಾಕುತ್ತ ಒಳಗೆ ಸಾಗಿ ನಡುವಿನಲ್ಲಿ ಮುಗಿಯುತ್ತದೆ. ತುಣುಕುಗಳನ್ನು ಮೊದಲೇ ಜೋಡಿಸಿ ಇಟ್ಟುಕೊಳ್ಳುವುದಿಲ್ಲ. ಸೂಜಿ ಅಲ್ಲಿಗೆ ಬಂದಾಗ ಕೈಗೆ ಸಿಕ್ಕ ಬಣ್ಣವನ್ನು ಅಂಚು ಮಡಿಚಿ ಕೂರಿಸುತ್ತಾರೆ. ನಾಲ್ಕು ಮೂಲೆಗೂ ಮಡಿಚಿದ ತ್ರಿಕೋನಗಳನ್ನು ಒಂದರ ಮೇಲೊಂದು ಇಟ್ಟು ‘ಫೂಲ’ ಹಚ್ಚಬೇಕು. ಅದಿಲ್ಲದೆ ಕವಂದಿ ಮುಗಿದಂತಲ್ಲ. ಕ್ರೈಸ್ತ ಸಿದ್ದಿಯರ ಕವಂದಿಯಲ್ಲಿ ಶಿಲುಬೆ, ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರ ಕಾಣುವುದುಂಟು.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ ಇವುಗಳನ್ನು ಅಧ್ಯಯನ ಮಾಡಿದರು. 2004ರಲ್ಲಿ ಅವರ ಮತ್ತು ಜೊತೆಗಾರರ ನೆರವಿನಿಂದ ಸಿದ್ದಿ ಹೆಂಗಸರ ಸಹಕಾರ ಸಂಘವೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಇಲ್ಲಿ ಒಂದು ಚರ್ಚೆಯಿದೆ. ಕವಂದಿಯ ಬಣ್ಣಗಳ ಧೈರ್ಯ, ಆಶುವಾಗಿ ಬೆಳೆಯುವ ವಿನ್ಯಾಸ ಆಫ್ರಿಕಾದ ನೆನಪೇ? ಅಥವಾ ಸುತ್ತಲಿನ ಕೌದಿ, ಗೋಧಡಿಗಳಿಂದ ಕಲಿತದ್ದೇ? ಪದರ, ಓಡುಹೊಲಿಗೆ, ಹಳೆಯ ಸೀರೆ ಈ ನೆಲದ್ದು ಎಂಬುದು ಕಣ್ಣಿಗೆ ಕಾಣುತ್ತದೆ. ಅದನ್ನು ಬಳಸಿಕೊಂಡು ಸಿದ್ದಿ ಹೆಂಗಸರು ಕಟ್ಟಿದ ವಿನ್ಯಾಸ ಅವರದೇ. ಮೂಲ ಯಾವುದೆಂದು ಒಂದೇ ಉತ್ತರ ಹುಡುಕುವವರಿಗಿಂತ, ಹತ್ತು ಕೌದಿಗಳ ನಡುವೆ ತಮ್ಮದನ್ನು ಗುರುತು ಹಿಡಿಯುವ ಸಿದ್ದಿ ಅಜ್ಜಿಯರ ಮಾತು ನಂಬಲು ಯೋಗ್ಯ.

ಮನೆ ಬದಲಾಯಿತು, ಬಟ್ಟೆ ಬದಲಾಯಿತು

ಕೌದಿ ಕಡಿಮೆಯಾದದ್ದಕ್ಕೆ ‘ಈಗಿನವರಿಗೆ ಬೇಡ’ ಎಂಬುದು ಸಿದ್ಧ ಉತ್ತರ. ಅದು ಪೂರ್ತಿ ಸರಿಯಲ್ಲ. ಕೌದಿ ನಿಂತಿದ್ದ ಮೂರು ಆಧಾರಗಳೂ ಸರಿದಿವೆ.

ಮೊದಲನೆಯದು ಬಟ್ಟೆ. ದಿನಬಳಕೆಯ ಸೀರೆ ಪಾಲಿಯೆಸ್ಟರ್ ಆಗಿ ಎರಡು ತಲೆಮಾರಾಯಿತು. ಹತ್ತಿ ತನ್ನ ತೂಕದ ಸುಮಾರು ಶೇ 8ರಷ್ಟು ತೇವವನ್ನು ಗಾಳಿಯಿಂದಲೇ ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರಿನಲ್ಲಿ ಆ ಪ್ರಮಾಣ ಶೇ 0.5ನ್ನೂ ಮುಟ್ಟುವುದಿಲ್ಲ. ಸಿಂಥೆಟಿಕ್ ಸೀರೆಯ ಕೌದಿ ಹೊದ್ದವರಿಗೆ ಬೆವರು ಮೈಗಂಟುವುದು ಇದರಿಂದ. ಪದರಗಳು ಒಂದರ ಮೇಲೊಂದು ಜಾರುತ್ತವೆ, ಎಷ್ಟು ವರ್ಷ ಬಳಸಿದರೂ ಮೆತ್ತಗಾಗುವುದಿಲ್ಲ. ಒಲೆಯ ಕಿಡಿ ಸಿಡಿದರೆ ಕರಗಿ ಚರ್ಮಕ್ಕೆ ಅಂಟುವ ಅಪಾಯ ಬೇರೆ. ಈಗ ಸಂತೆಯಲ್ಲಿ ಸಿಗುವ ಮಿರಮಿರ ಮಿಂಚುವ ಕೌದಿಗಳಲ್ಲಿ ಹಲವು ಈ ಬಗೆಯವು.

ಎರಡನೆಯದು ಮನೆ. ಸಾಲಾಗಿ ನೆಲದ ಮೇಲೆ ಮಲಗುವ ಮನೆಯಲ್ಲಿ ಹಾಸಿ ಎತ್ತುವ ಹಾಸಿಗೆ ಬೇಕಿತ್ತು. ಮಂಚ, ದಪ್ಪ ಮ್ಯಾಟ್ರೆಸ್ ಬಂದ ಮೇಲೆ ಕೌದಿಯ ಹಾಸುವ ಕೆಲಸ ಹೋಯಿತು, ಹೊದೆಯುವ ಕೆಲಸ ಉಳಿಯಿತು. ಗಂಟು ಕಟ್ಟಿ ಇಡಲು ಅಟ್ಟವಿಲ್ಲ. ಒಣಗಿದಾಗಲೇ ಎರಡು ಮೂರು ಕಿಲೋ ತೂಗುವ ಕೌದಿ ನೀರು ಕುಡಿದರೆ ಮನೆಯ ವಾಷಿಂಗ್ ಮೆಷಿನ್ ನರಳುತ್ತದೆ. ಬಾಲ್ಕನಿಯ ಕಂಬಿಗೆ ಬಟ್ಟೆ ಹರವಬಾರದೆಂದು ನಿಯಮ ಮಾಡಿದ ಅಪಾರ್ಟ್‌ಮೆಂಟುಗಳೂ ಇವೆ. ಇತ್ತ ಕೆಲವು ನೂರು ರೂಪಾಯಿಗೆ ಹಗುರ, ಮೃದು ಪಾಲಿಯೆಸ್ಟರ್ ಹೊದಿಕೆ ಮನೆ ಬಾಗಿಲಿಗೆ ಬರುತ್ತದೆ. ಹರಿಯಾಣದ ಪಾಣಿಪತ್ ದೇಶವಿದೇಶಗಳ ಹಳೆಯ ಬಟ್ಟೆಯನ್ನು ಯಂತ್ರದಲ್ಲಿ ಚಿಂದಿ ಮಾಡಿ, ಮತ್ತೆ ನೂಲು ತೆಗೆದು, ಅಗ್ಗದ ಕಂಬಳಿ ನೇಯುವ ದೊಡ್ಡ ಕೇಂದ್ರ. ಹಳೆಯದನ್ನು ಹೊಸದು ಮಾಡುವ ಕೆಲಸ ನಿಂತಿಲ್ಲ, ಅಡುಗೆಮನೆಯ ಪಕ್ಕದಿಂದ ಕಾರ್ಖಾನೆಗೆ ಹೋಗಿದೆ.

ಮೂರನೆಯದು ಹೆಂಗಸರ ಸಮಯ. ಮಧ್ಯಾಹ್ನದ ‘ಬಿಡುವು’ ಎಂದು ನಾವು ಹೇಳಿಕೊಂಡು ಬಂದದ್ದು ನಿಜವಾಗಿ ಬಿಡುವಾಗಿರಲಿಲ್ಲ. ಕೂಲಿಯಿಲ್ಲದ ಇನ್ನೊಂದು ದುಡಿಮೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಅಂಥ ಕೆಲಸ ಮಾಡುವ ಗಂಡಸರು 88 ನಿಮಿಷ. ಇಷ್ಟರ ಮೇಲೆ ಹೊರಗಿನ ದುಡಿಮೆಯನ್ನೂ ಮಾಡುವ ಸೊಸೆಗೆ ‘ನಮ್ಮ ಕಾಲದಲ್ಲಿ ನಾವೇ ಹೊಲಿಯುತ್ತಿದ್ದೆವು’ ಎಂದು ಹೇಳುವುದು ಅನ್ಯಾಯ. ಕೌದಿ ಕಡಿಮೆಯಾದದ್ದರಲ್ಲಿ ನಷ್ಟವಿರುವಂತೆ ಒಂದಿಷ್ಟು ಬಿಡುಗಡೆಯೂ ಇದೆ ಎಂಬುದನ್ನು ಪರಂಪರೆಯ ಗುಣಗಾನ ಮಾಡುವವರು ಮರೆಯುತ್ತಾರೆ.

ಕೂಲಿಯ ಲೆಕ್ಕ

ಮನೆಯೊಳಗಿನ ಕೆಲಸ ಮಾರುಕಟ್ಟೆಗೆ ಬಂದ ಕೂಡಲೇ ಎದುರಾಗುವ ಪ್ರಶ್ನೆ ಬೆಲೆಯದು. ಒಂದು ಸಾಧಾರಣ ಲೆಕ್ಕ ಹಾಕಿ ನೋಡೋಣ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿ. ಸಾಲಿನಿಂದ ಸಾಲಿಗೆ ಅರ್ಧ ಇಂಚು ಅಂತರವಿದ್ದರೆ 96 ಸಾಲು. ಒಟ್ಟು ಹೊಲಿಗೆಯ ಉದ್ದ 576 ಅಡಿ. ಇಂಚಿಗೆ ಎರಡು ಟಾಕಿ ಎಂದರೂ 13,824 ಟಾಕಿ. ಒಂದಕ್ಕೆ ಮೂರು ಸೆಕೆಂಡು ಹಿಡಿದರೆ ಬರೀ ಸೂಜಿಯ ಕೆಲಸಕ್ಕೇ ಹನ್ನೊಂದೂವರೆ ಗಂಟೆ. ಬಟ್ಟೆ ಒಗೆಯುವುದು, ಹರಿಯುವುದು, ಜೋಡಿಸುವುದು, ದಾರ ಪೋಣಿಸುವುದು, ನಡುವೆ ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು ಸೇರಿದರೆ ನಾಲ್ಕು ದಿನ ಎನ್ನುವುದು ಉದಾರ ಲೆಕ್ಕವೇನಲ್ಲ. ಸಾಲುಗಳ ಅಂತರ ಕಾಲು ಇಂಚಿಗಿಳಿದರೆ ಸೂಜಿಯ ಕೆಲಸ ಎರಡರಷ್ಟಾಗುತ್ತದೆ.

ಕರ್ನಾಟಕದಲ್ಲಿ 2025–26ಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಮಣ್ಣು ಅಗೆಯುವ ಕೆಲಸಕ್ಕೆ ಆ ವರ್ಷ ಕೊಟ್ಟ ಈ ದರದಲ್ಲೇ ನಾಲ್ಕು ದಿನಕ್ಕೆ 1,480 ರೂಪಾಯಿ ಆಗುತ್ತದೆ. ಇದರಲ್ಲಿ ದಾರದ ಖರ್ಚಿಲ್ಲ, ಬಟ್ಟೆಯ ಬೆಲೆಯಿಲ್ಲ, ಕೈಚಳಕಕ್ಕೆ ಒಂದು ಪೈಸೆಯೂ ಇಲ್ಲ. ಕೌದಿ ಹೊಲಿಯುವವರ ಹತ್ತಿರ ಐನೂರಕ್ಕೆ ಕೊಡು ಎಂದು ಚೌಕಾಸಿ ಮಾಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಹಲವು ಸಾವಿರಕ್ಕೆ ಮಾರುವವರೂ ಮಾಡಿಕೊಳ್ಳಬೇಕು: ಆ ಸಾವಿರಗಳಲ್ಲಿ ಸೂಜಿ ಹಿಡಿದವಳ ಪಾಲು ಎಷ್ಟು?

ಬೇರೆಯವರ ಅನುಭವ

ಈ ದಾರಿಯಲ್ಲಿ ನಮಗಿಂತ ಮುಂದೆ ಹೋದವರಿದ್ದಾರೆ. ಬಂಗಾಳದ ಕಾಂಥಾ ಹಳೆಯ ಬಟ್ಟೆಯ ಪದರಗಳ ಮೇಲೆ ಕಥೆ, ಕಮಲ, ಮೀನು, ರಥ ಬಿಡಿಸುವ ಮನೆಯ ಕಲೆ. ಗುರುಸದಯ ದತ್ತರು ಹಳ್ಳಿಗಳಿಂದ ಸಂಗ್ರಹಿಸಿದ ಕಾಂಥಾಗಳು ಕೋಲ್ಕತ್ತದ ಜೋಕಾದಲ್ಲಿರುವ ಅವರ ಹೆಸರಿನ ವಸ್ತುಸಂಗ್ರಹಾಲಯದಲ್ಲಿವೆ. ಶಾಂತಿನಿಕೇತನದ ಪ್ರಭಾವದಿಂದ, ಆಮೇಲೆ ಮಾರುಕಟ್ಟೆಯ ಒತ್ತಾಯದಿಂದ, ಆ ಹೊಲಿಗೆ ಹೊಸ ರೇಷ್ಮೆ ಸೀರೆಗೆ, ದುಪಟ್ಟಾಕ್ಕೆ ಏರಿತು. ಬಾಂಗ್ಲಾದೇಶದಲ್ಲಿ 1978ರಲ್ಲಿ ಆರಂಭವಾದ ಆರೋಂಗ್ ಮಳಿಗೆಗಳು ನಕ್ಷಿ ಕಾಂಥಾವನ್ನು ನಗರಕ್ಕೆ ತಂದವು. ಸಾವಿರಾರು ಹೆಂಗಸರಿಗೆ ಸಂಪಾದನೆ ಸಿಕ್ಕಿತು. ಆದರೆ ಇಂದು ಅಂಗಡಿಯಲ್ಲಿ ಕಾಂಥಾ ಎಂದರೆ ಹೆಚ್ಚಾಗಿ ಒಂದೇ ಪದರದ ಹೊಸ ಬಟ್ಟೆಯ ಮೇಲಿನ ಕಸೂತಿ. ಹೊಲಿಗೆ ಉಳಿಯಿತು, ಹೊದಿಕೆ ಹಿಂದೆ ಬಿತ್ತು.

ಬಿಹಾರದ ಮುಜಫ್ಫರಪುರ ಜಿಲ್ಲೆಯ ಭುಸುರಾ ಗ್ರಾಮದ ಸುಜನಿ ಇನ್ನೊಂದು ದಾರಿ ಹಿಡಿಯಿತು. ಎಂಬತ್ತರ ದಶಕದ ಕೊನೆಗೆ ಅಲ್ಲಿ ಸಂಘ ಕಟ್ಟಿಕೊಂಡ ಹೆಂಗಸರು ವರದಕ್ಷಿಣೆ, ಹೆಣ್ಣು ಭ್ರೂಣಹತ್ಯೆಗಳಂಥ ತಮ್ಮ ಬದುಕಿನ ವಿಷಯಗಳನ್ನೇ ಬಟ್ಟೆಯ ಮೇಲೆ ಹೊಲಿದರು. ಸುಜನಿಗೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅಲ್ಲಿನ ನಿರ್ಮಲಾ ದೇವಿ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು.

ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಪುಟ್ಟ ಊರಿನ ಕಥೆಯನ್ನು ನಾವು ವಿಶೇಷವಾಗಿ ಓದಬೇಕು. ಗುಲಾಮರಾಗಿದ್ದವರ ಸಂತತಿಯ ಕಪ್ಪು ಹೆಂಗಸರು ದುಡಿದು ಸವೆದ ಪ್ಯಾಂಟು, ಹಿಟ್ಟಿನ ಚೀಲಗಳಿಂದ ಚಳಿಗೆಂದು ಹೊಲಿದ ಹೊದಿಕೆಗಳವು. 1966ರಲ್ಲಿ ನಾಗರಿಕ ಹಕ್ಕುಗಳ ಹೋರಾಟದ ಬಿಸಿಯಲ್ಲಿ ‘ಫ್ರೀಡಂ ಕ್ವಿಲ್ಟಿಂಗ್ ಬೀ’ ಎಂಬ ಸಹಕಾರ ಸಂಘ ಹುಟ್ಟಿತು. ದೊಡ್ಡ ಮಳಿಗೆಗಳು ಆರ್ಡರ್ ಕೊಟ್ಟವು. ಎಲ್ಲವೂ ಒಂದೇ ಅಳತೆ, ಒಂದೇ ವಿನ್ಯಾಸ ಇರಬೇಕೆಂದವು. ಸಂಪಾದನೆ ಬಂತು, ಮನಸ್ಸಿಗೆ ಬಂದಂತೆ ಹೊಲಿಯುವ ಸ್ವಾತಂತ್ರ್ಯಕ್ಕೆ ಅಲ್ಲಿ ಜಾಗವಿರಲಿಲ್ಲ. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯ ಅವರು ತಮ್ಮ ಮನೆಗೆಂದು ಹೊಲಿದುಕೊಂಡಿದ್ದ ಹಳೆಯ ಹೊದಿಕೆಗಳನ್ನು ತೂಗುಹಾಕಿದಾಗ ವಿಮರ್ಶಕರು ಬೆರಗಾದರು. 2006ರಲ್ಲಿ ಅಂಚೆಚೀಟಿಗಳೂ ಬಂದವು. ಮರುವರ್ಷ ಕೆಲವರು ತಮಗೆ ಸಲ್ಲಬೇಕಾದ ಹಣ ಸಂದಿಲ್ಲವೆಂದು ನ್ಯಾಯಾಲಯಕ್ಕೆ ಹೋದರು, ಪ್ರಕರಣಗಳು ಆಮೇಲೆ ಇತ್ಯರ್ಥವಾದವು. ಕೀರ್ತಿ ಬಂದ ಮಾತ್ರಕ್ಕೆ ಕೂಲಿ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ನಮ್ಮಲ್ಲೇ ಧಾರವಾಡದ ಕಸೂತಿ, ಸಂಡೂರಿನ ಲಂಬಾಣಿ ಕಸೂತಿಗಳಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಹೆಂಗಸರ ಕೆಲಸ 2023ರಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಗಿನ್ನೆಸ್ ದಾಖಲೆಗೂ ಸೇರಿತು. ಮಾನ್ಯತೆ ಒಳ್ಳೆಯದೇ. ಆದರೆ ಭೌಗೋಳಿಕ ಗುರುತು ಕಾಯುವುದು ಹೆಸರನ್ನು. ಕೂಲಿಯನ್ನು ಕಾಯಲು ಸಂಘ, ನೇರ ಖರೀದಿ, ಬೆಲೆಯ ಪಾರದರ್ಶಕತೆ ಬೇಕು. ಮೇಲಾಗಿ ಕೌದಿಯ ವಿಷಯದಲ್ಲಿ ಒಂದು ತೊಡಕಿದೆ. ಅಂಗಡಿಗೆ ಬೇಕಾದ ಕೌದಿ ಹೊಸ ಬಟ್ಟೆಯದು, ಒಂದೇ ಅಳತೆಯದು, ಬಣ್ಣ ಹೊಂದಿಸಿದ್ದು. ಅದು ಚೆಂದವಾಗಿರಬಹುದು, ಹೊಲಿದವರಿಗೆ ಅನ್ನವನ್ನೂ ಕೊಡಬಹುದು, ಅದನ್ನು ತಿರಸ್ಕರಿಸಬೇಕಾಗಿಲ್ಲ. ಆದರೆ ಸವೆದ ಬಟ್ಟೆಯ ಮೆದುತನ, ದುರಸ್ತಿಯ ಸರಪಳಿ, ಇದು ಯಾರ ಸೀರೆ ಎಂದು ಬೆರಳಿಟ್ಟು ಹೇಳುವ ಸುಖ ಅದರಲ್ಲಿ ಸಿಗುವುದಿಲ್ಲ.

ಹಾಗಾದರೆ ಏನು ಮಾಡಬೇಕು

ಹಳೆಯ ಕಾಲ ಮರಳಿ ಬರಲೆಂದು ಹೆಂಗಸರ ಮೇಲೆ ಮತ್ತೆ ಕೂಲಿಯಿಲ್ಲದ ದುಡಿಮೆ ಹೇರುವುದು ಒಂದು ತುದಿ. ಎಲ್ಲವನ್ನೂ ಅಂಗಡಿಗೆ ಬಿಟ್ಟು ನಾವು ಗಿರಾಕಿಗಳಾಗಿ ಮಾತ್ರ ಉಳಿಯುವುದು ಇನ್ನೊಂದು ತುದಿ. ಇವೆರಡರ ನಡುವೆ ನಮ್ಮ ಊರುಗಳಲ್ಲೇ ಬಳಕೆಯಲ್ಲಿದ್ದ ದಾರಿಯೊಂದಿದೆ: ಬಟ್ಟೆ ನಮ್ಮದು, ಕೈ ಅವರದು, ಕೂಲಿ ನ್ಯಾಯವಾದದ್ದು. ಕೊಳ್ಳುವುದಕ್ಕಿಂತ ಹೊಲಿಸುವುದು ಮೇಲು ಎಂಬುದೇ ಈ ಸಮೀಕ್ಷೆಯ ತೀರ್ಮಾನ. ಹೊಲಿಸಿದರೆ ಮನೆಯ ಬಟ್ಟೆ ಮನೆಗೇ ಮರಳುತ್ತದೆ, ಹೊಲಿಯುವವರಿಗೆ ಬಂಡವಾಳ ಬೇಕಾಗುವುದಿಲ್ಲ, ನಡುವಿನ ದಲ್ಲಾಳಿ ಇರುವುದಿಲ್ಲ, ವಿನ್ಯಾಸದ ಸ್ವಾತಂತ್ರ್ಯ ಸೂಜಿ ಹಿಡಿದವಳದೇ ಆಗಿರುತ್ತದೆ. ಹೊಸ ಮನೆಯ ಇಕ್ಕಟ್ಟಿಗೂ ಉಪಾಯವಿದೆ. ಆರಡಿಯದು ಬೇಡವಾದರೆ ಮೂರಡಿಯ ತೊಟ್ಟಿಲ ಕೌದಿ, ಸೋಫಾದ ಮೇಲಿನ ಹೊದಿಕೆ, ಅಜ್ಜನ ಕಾಲಿಗೆ ಹೊದಿಸುವ ಅಳತೆಯದು ಹೊಲಿಸಬಹುದು. ಎರಡೇ ಪದರ ಹಾಕಿಸಿದರೆ ವಾಷಿಂಗ್ ಮೆಷಿನ್ನೂ ತಡೆದೀತು.

ಸರ್ಕಾರ ಮತ್ತು ಸಂಘ ಸಂಸ್ಥೆಗಳು ಮಾಡಬಹುದಾದದ್ದೂ ಇದೆ. ಜಿಲ್ಲೆಗೊಂದರಂತೆ ಕೌದಿ ಹೊಲಿಯುವವರ ಪಟ್ಟಿ ಮಾಡಿ ಸಂಪರ್ಕ ಸುಲಭ ಮಾಡುವುದು, ಚದರಡಿಗೆ ಮತ್ತು ಹೊಲಿಗೆಯ ಸಾಂದ್ರತೆಗೆ ತಕ್ಕಂತೆ ಕೂಲಿಯ ದರಪಟ್ಟಿ ಪ್ರಕಟಿಸುವುದು, ಹೊಲಿಯುವವರ ಕಣ್ಣು ಮತ್ತು ಬೆನ್ನಿನ ತಪಾಸಣೆಗೆ ವ್ಯವಸ್ಥೆ ಮಾಡುವುದು ಕಷ್ಟದ ಕೆಲಸಗಳಲ್ಲ. ಅಂಗನವಾಡಿ ಮಕ್ಕಳು ಮಲಗಲು ಪ್ಲಾಸ್ಟಿಕ್ ಚಾಪೆಯ ಬದಲು ಸ್ಥಳೀಯ ಸ್ವಸಹಾಯ ಸಂಘಗಳಿಂದ ಕೌದಿ ಹೊಲಿಸಿಕೊಂಡರೆ ಒಂದೇ ಖರ್ಚಿನಲ್ಲಿ ಎರಡು ಕೆಲಸವಾಗುತ್ತದೆ.

ಓದುಗರಿಗೆ ಹೇಳುವುದು ಇಷ್ಟೇ. ಬೀರುವಿನಲ್ಲಿ ಬಿದ್ದಿರುವ ಹಳೆಯ ಹತ್ತಿ ಸೀರೆಗಳನ್ನು ಸ್ಟೀಲ್ ಡಬ್ಬಿಗೆ ಬದಲಾಗಿ ಪಾತ್ರೆಯವರಿಗೆ ಕೊಡುವ ಮುಂಚೆ ನಾಲ್ಕನ್ನು ಎತ್ತಿಡಿ. ನಿಮ್ಮೂರಿನಲ್ಲೋ ಪಕ್ಕದೂರಿನಲ್ಲೋ ಕೌದಿ ಹೊಲಿಯುವವರು ಯಾರಿದ್ದಾರೆಂದು ವಿಚಾರಿಸಿ. ಚೌಕಾಸಿ ಮಾಡದೆ, ಎಷ್ಟು ದಿನದ ಕೆಲಸವೆಂದು ಕೇಳಿ, ಅಷ್ಟು ದಿನದ ಕೂಲಿ ಕೊಟ್ಟು ಒಂದನ್ನು ಹೊಲಿಸಿ.